ಟೈಲ್ ಸ್ಕರ್ಟಿಂಗ್‌ನ ಮೇಲಂಚಿಗೆ ಕ್ಯಾಪ್ ಪಟ್ಟಿ: ತೇಗದ ಬೀಡಿಂಗೋ, ಅಲ್ಯೂಮಿನಿಯಂ ಎಲ್ ಪಟ್ಟಿಯೋ?

ಹೊಸಿಲು
ಬೆಂಗಳೂರು, 3 ಬಿಎಚ್‌ಕೆ ಫ್ಲ್ಯಾಟ್, ಎರಡನೇ ಮಹಡಿ. ನೆಲಕ್ಕೆ ವಿಟ್ರಿಫೈಡ್ ಟೈಲ್, ಗೋಡೆಯ ಬುಡಕ್ಕೆ ಅದನ್ನೇ ಸೀಳಿ ಮಾಡಿದ 4 ಇಂಚಿನ ಸ್ಕರ್ಟಿಂಗ್. ಸ್ಕರ್ಟಿಂಗನ್ನು ಗೋಡೆಯೊಳಗೆ ಕೂರಿಸಿಲ್ಲ, ಪ್ಲಾಸ್ಟರ್ ಮೇಲೆಯೇ ಅಂಟಿಸಿದ್ದಾರೆ. ಹಾಗಾಗಿ ಮೇಲಂಚು ಗೋಡೆಯಿಂದ ಮುಂದೆ ಬಂದು ನಿಂತಿದೆ. ಕೆಲವು ಕಡೆ 9 ಮಿ.ಮೀ., ಕೆಲವು ಕಡೆ 16 ಮಿ.ಮೀ. ಅಂಚಿನ ಮೇಲೆ ಟೈಲ್ ಕತ್ತರಿಸಿದ ಒರಟು ಮುಖ ಕಾಣುತ್ತದೆ, ಧೂಳು ಕೂರುತ್ತದೆ, ಒರೆಸಿದರೆ ಬಟ್ಟೆಯ ನೂಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದರ ಮೇಲೆ ಅಲಂಕಾರದ ಕ್ಯಾಪ್ ಪಟ್ಟಿ ಕೂರಿಸಬೇಕು. ಬಾಗಿಲುಗಳನ್ನು ಬಿಟ್ಟು ಒಟ್ಟು ಉದ್ದ 58 ಮೀಟರ್.

ಮೂರು ಪ್ರಶ್ನೆ: ಯಾವ ಪಟ್ಟಿ, ಯಾವ ಅಂಟು, ಮೂಲೆಗಳನ್ನು ಹೇಗೆ ಕತ್ತರಿಸುವುದು. ವಿಡಿಯೋಗಳಲ್ಲಿ ಎಲ್ಲರೂ ನೇಲ್ ಗನ್ನಿನಿಂದ ಟಕಟಕ ಹೊಡೆಯುತ್ತಾರೆ. ನಮ್ಮ ಗೋಡೆಗೆ ಅದು ಆಗುತ್ತದೆಯೇ?

ರಸಮಟ್ಟ
ಕೊನೆಯದಕ್ಕೆ ಮೊದಲ ಉತ್ತರ: ಆಗುವುದಿಲ್ಲ. ಆ ಗೋಡೆಗಳು ಮರದ ಚೌಕಟ್ಟಿನ ಮೇಲೆ ಜಿಪ್ಸಮ್ ಹಲಗೆ ಹೊಡೆದವು. ನಮ್ಮವು ಇಟ್ಟಿಗೆ ಅಥವಾ ಬ್ಲಾಕ್, ಅದರ ಮೇಲೆ 12–15 ಮಿ.ಮೀ. ಸಿಮೆಂಟ್ ಗಾರೆ, ಅದರ ಮೇಲೆ ಪುಟ್ಟಿ. 18 ಗೇಜಿನ ಮೊಳೆ ಗಾರೆಗೆ ತಾಗಿದ ಕೂಡಲೇ ಬಾಗುತ್ತದೆ, ಇಲ್ಲವೇ ಪುಟ್ಟಿಯ ಚಕ್ಕೆ ಎಬ್ಬಿಸುತ್ತದೆ. ಟೈಲಿಗಂತೂ ಮೊಳೆಯ ಮಾತೇ ಇಲ್ಲ. ಇಲ್ಲಿ ಹಿಡಿಯಬೇಕಾದದ್ದು ಅಂಟು ಮಾತ್ರ.

ಪಟ್ಟಿಯ ಆಯ್ಕೆಗೆ ಮೊದಲು ಇನ್ನೊಂದು ವಿಷಯ ಇತ್ಯರ್ಥವಾಗಬೇಕು. ಗೋಡೆಯೂ ನೇರವಿಲ್ಲ, ಟೈಲ್ ಸಾಲೂ ನೇರವಿಲ್ಲ, ಎರಡೂ ಬೇರೆ ಬೇರೆ ರೀತಿಯಲ್ಲಿ ಸೊಟ್ಟ. ನಿಮ್ಮ 9ರಿಂದ 16 ಅದನ್ನೇ ಹೇಳುತ್ತಿದೆ. ಪಟ್ಟಿ ಇವೆರಡರಲ್ಲಿ ಒಂದನ್ನು ಮಾತ್ರ ಅನುಸರಿಸಬಲ್ಲದು. ಟೈಲಿನ ಮುಖಕ್ಕೆ ಹೊಂದಿಸಿದರೆ ಗೋಡೆಯ ಪಕ್ಕ ಸಂದು ಬೀಳುತ್ತದೆ, ಮತ್ತು ಆ ಸಂದು ಮೇಲ್ಗಡೆಗೆ ತೆರೆದಿರುತ್ತದೆ. ನಿಂತವರ ಕಣ್ಣಿಗೆ ಮೊದಲು ಬೀಳುವುದೇ ಅದು, ಧೂಳು ಇಳಿಯುವುದೂ ಅದರೊಳಗೇ. ಗೋಡೆಗೆ ಒರಗಿಸಿದರೆ ಸಂದು ಮುಂದಕ್ಕೆ, ಪಟ್ಟಿಯ ಕೆಳಗೆ ಹೋಗುತ್ತದೆ. ನೆಲದ ಮೇಲೆ ಮಲಗಿ ನೋಡಿದವರಿಗೆ ಮಾತ್ರ ಕಾಣುತ್ತದೆ.

ಆದ್ದರಿಂದ ಗೋಡೆಗೆ ಒರಗಿಸಿ. ಮತ್ತು ಮುಂದೆ 4–5 ಮಿ.ಮೀ. ಕೆಳಕ್ಕೆ ಇಳಿಯುವ ತುಟಿ ಇರುವ ಪಟ್ಟಿಯನ್ನೇ ಆರಿಸಿ. ಕಾಲು ವೃತ್ತದ ಆಕಾರದ ಸಾದಾ ಕ್ವಾರ್ಟರ್ ರೌಂಡಿಗೆ ತುಟಿ ಇಲ್ಲ. 12 ಮಿ.ಮೀ.ದು ತಂದರೆ 16 ಇರುವ ಕಡೆ ಅದರ ಮುಂದೆ 4 ಮಿ.ಮೀ. ಅಂಚು ಹಾಗೆಯೇ ಉಳಿದು ಧೂಳು ಕೂರುತ್ತದೆ. 16ರದ್ದು ತಂದರೆ 9 ಇರುವ ಕಡೆ 7 ಮಿ.ಮೀ. ಗಾಳಿಯಲ್ಲಿ ನಿಲ್ಲುತ್ತದೆ.

ಪಟ್ಟಿ ಕೊಳ್ಳುವ ಮೊದಲು ಒಂದೊಂದು ಗೋಡೆಗೂ ಪ್ರತಿ ಅರ್ಧ ಮೀಟರಿಗೆ ಒಂದರಂತೆ ಅಂಚಿನ ಅಗಲ ಅಳೆದು ಟೈಲಿನ ಮೇಲೆಯೇ ಪೆನ್ಸಿಲಿನಲ್ಲಿ ಬರೆಯಿರಿ. ಇಡೀ ಮನೆಯಲ್ಲಿ 7 ಮಿ.ಮೀ. ವ್ಯತ್ಯಾಸ ಇದ್ದರೂ ಒಂದೇ ಗೋಡೆಯಲ್ಲಿ ಸಾಮಾನ್ಯವಾಗಿ 3–4ಕ್ಕಿಂತ ಹೆಚ್ಚಿರುವುದಿಲ್ಲ.

ಕರಣೆ
ರಸಮಟ್ಟ ಸರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಅಗಲದ ಜೊತೆ ಎತ್ತರವನ್ನೂ ನೋಡಿ. ಅಕ್ಕಪಕ್ಕದ ಸ್ಕರ್ಟಿಂಗ್ ತುಂಡುಗಳು 1–2 ಮಿ.ಮೀ. ಏರುತಗ್ಗು ಇರುತ್ತವೆ. ಮೇಸ್ತ್ರಿಯ 2 ಮೀಟರ್ ಅಲ್ಯೂಮಿನಿಯಂ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಎಲ್ಲಿ ಕುಣಿಯುತ್ತದೆ ಎಂದು ಗೊತ್ತಾಗುತ್ತದೆ. ಎತ್ತಿ ನಿಂತ ಮೂಲೆಯನ್ನು ಗ್ರೈಂಡರಿಗೆ ಹಾಕುವ ವಜ್ರದ ಕಪ್ ವ್ಹೀಲಿನಿಂದ ಒಂದೆರಡು ಸಲ ಸವರಿದರೆ ಸಾಕು. ತಗ್ಗನ್ನು ಅಂಟೇ ತುಂಬಿಕೊಳ್ಳುತ್ತದೆ. ಗ್ರೈಂಡರ್ ಹಿಡಿಯುವಾಗ ಎನ್95 ಮಾಸ್ಕ್ ಕಡ್ಡಾಯ. ಟೈಲಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಮೂಗಿಗೆ ಕರ್ಚೀಫು ಕಟ್ಟಿದರೆ ಅದು ನಿಲ್ಲುವುದಿಲ್ಲ.

ಪಟ್ಟಿಯೇ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ: ಅಂಚಿಗೆ 45 ಡಿಗ್ರಿ ವಾಟ ಕೊಟ್ಟು ತುಂಬಿಬಿಡುವುದು. ವೈಟ್ ಸಿಮೆಂಟಿನಲ್ಲಾಗಲಿ ಗೋಡೆ ಪುಟ್ಟಿಯಲ್ಲಾಗಲಿ ಮಾಡಿದರೆ ಉಳಿಯುವುದಿಲ್ಲ. ಟೈಲಿಗೂ ಗಾರೆಗೂ ನಡುವೆ ಕೂದಲೆಳೆ ಬಿರುಕು ಬಿಟ್ಟು, ಮಾಪಿನ ನೀರು ಇಳಿದು, ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಎಪಾಕ್ಸಿ ಗ್ರೌಟಿನಲ್ಲಿ ಮಾಡಿದರೆ ಗಟ್ಟಿ. ಆದರೆ 12 × 12 ತ್ರಿಕೋನ ಎಂದರೆ 72 ಚದರ ಮಿ.ಮೀ., 58 ಮೀಟರಿಗೆ 4 ಲೀಟರಿಗಿಂತ ಹೆಚ್ಚು ಮಾಲು. ತೂಕದಲ್ಲಿ ಏಳೆಂಟು ಕಿಲೋ ಆಗುತ್ತದೆ. ಎಪಾಕ್ಸಿಯ ದರದಲ್ಲಿ ಅದಕ್ಕಿಂತ ತೇಗವೇ ಅಗ್ಗ ಬಿದ್ದೀತು.

ಹೊಸಿಲು
ಅಳೆದೆ. ಹಾಲ್ ಮತ್ತು ಊಟದ ಜಾಗ: 11ರಿಂದ 14. ಎರಡು ಮಲಗುವ ಕೋಣೆ: 9ರಿಂದ 12. ಮೂರನೇ ಕೋಣೆ ಮತ್ತು ಪ್ಯಾಸೇಜ್: 13ರಿಂದ 16. ಒಳಮೂಲೆ 22, ಹೊರಮೂಲೆ 7, ಬಾಗಿಲು ಚೌಕಟ್ಟಿಗೆ ಬಂದು ನಿಲ್ಲುವ ತುದಿ 16.

ಬೀಟೆ
ಹಾಗಿದ್ದರೆ ಲೆಕ್ಕ ಸುಲಭ. ಒಂದೇ ಅಳತೆಯ ತೇಗದ ಪಟ್ಟಿ, ಮೂರು ಬಗೆಯ ರಿಬೇಟ್ (ಅಂಚಿನಲ್ಲಿ ಮೆಟ್ಟಿಲಿನಂತೆ ಕೊರೆದ ಕಚ್ಚು).

ಪಟ್ಟಿ: 20 ಮಿ.ಮೀ. ಅಗಲ, 14 ಮಿ.ಮೀ. ಎತ್ತರ. ಮೇಲ್ಮುಖದ ಮುಂದಿನ ಅಂಚನ್ನು ರೂಟರ್ ಯಂತ್ರದ 6 ಮಿ.ಮೀ. ಬಿಟ್ಟಿನಿಂದ ಗುಂಡಗೆ ಮಾಡಿಸಿ. ಚಪ್ಪಟೆಯಾಗಿ ಬಿಟ್ಟರೆ ಧೂಳಿಗೆ ಹೊಸ ಜಗಲಿ ಕಟ್ಟಿಕೊಟ್ಟಂತೆ. ಮೇಲ್ಮುಖ ಗೋಡೆಯಿಂದ ಮುಂದಕ್ಕೆ ಸ್ವಲ್ಪ ಇಳಿಜಾರಿದ್ದರೆ ಇನ್ನೂ ಒಳ್ಳೆಯದು. ಕೆಳಗಡೆ ಹಿಂಭಾಗದಿಂದ 5 ಮಿ.ಮೀ. ಆಳದ ರಿಬೇಟ್. ಅದರ ಅಗಲ ಆ ಗೋಡೆಯ ಅತಿ ಹೆಚ್ಚಿನ ಅಳತೆಯಷ್ಟು: ಹಾಲಿಗೆ 14, ಮಲಗುವ ಕೋಣೆಗೆ 12, ಪ್ಯಾಸೇಜಿಗೆ 16. ಮುಂದೆ ಉಳಿಯುವುದೇ ತುಟಿ. ಹಾಲಿನಲ್ಲಿ 6, ಪ್ಯಾಸೇಜಿನಲ್ಲಿ 4. ಮಲಗುವ ಕೋಣೆಯಲ್ಲಿ 8 ಉಳಿಯುತ್ತದೆ, ದಪ್ಪ ಕಾಣುತ್ತದೆ. ಅಲ್ಲಿಗೆ ಪಟ್ಟಿಯನ್ನೇ 17ಕ್ಕೆ ಸೀಳಿಸಿ. ತುಟಿ 4ಕ್ಕಿಂತ ತೆಳುವಾದರೆ ಕತ್ತರಿಸುವಾಗಲೇ ಸೀಳುತ್ತದೆ.

ಈಗ ಹಾಲಿನಲ್ಲಿ 11 ಇರುವ ಕಡೆ ತುಟಿಗೂ ಟೈಲಿಗೂ ನಡುವೆ 3 ಮಿ.ಮೀ. ಸಂದು ಇರುತ್ತದೆ. ಅದು ತುಟಿಯ ಹಿಂದೆ ಅಡಗಿರುತ್ತದೆ. ಖಾಲಿ ಬಿಟ್ಟರೆ ಜಿರಳೆಗೆ ಬಾಡಿಗೆ ಮನೆ. ಅಂಟು ಹಾಕುವಾಗ ಆ ಬದಿಗೆ ಸ್ವಲ್ಪ ಜಾಸ್ತಿ ಹಾಕಿದರೆ ಅದೇ ತುಂಬುತ್ತದೆ.

ಮರ ಕೊಳ್ಳುವಾಗ ತಿರುಳಿನ ಭಾಗವನ್ನೇ ಕೇಳಿ. ತೇಗಕ್ಕೆ ಗೆದ್ದಲು ಹಿಡಿಯುವುದಿಲ್ಲ ಎನ್ನುವುದು ತಿರುಳಿಗೆ ಮಾತ್ರ ಸಲ್ಲುವ ಮಾತು. ಅಂಚಿನ ಬಿಳಿ ಭಾಗಕ್ಕೆ ಗೆದ್ದಲೂ ಬರುತ್ತದೆ, ಹುಳುವೂ ಬರುತ್ತದೆ. ಬೀಡಿಂಗ್ ಅಂಗಡಿಯ ಕಟ್ಟುಗಳಲ್ಲಿ ಬಿಳಿ ಮರಕ್ಕೆ ಬಣ್ಣ ಬಳಿದು ಸೇರಿಸಿರುವುದುಂಟು. ತುದಿಯನ್ನು ಅರ್ಧ ಇಂಚು ಕತ್ತರಿಸಿ ಒಳಗಿನ ಬಣ್ಣ ನೋಡಿ.

ಎಷ್ಟು ಬೇಕು: 58 ಮೀಟರನ್ನು 8 ಅಡಿಯ, ಅಂದರೆ 2.4 ಮೀಟರಿನ ಪಟ್ಟಿಗಳಿಂದ ಭಾಗಿಸಿದರೆ 24.2. ಅದಕ್ಕೆ ನೂರಕ್ಕೆ ಹತ್ತು ಸೇರಿಸಿ 27. ಆದರೆ ಕೋಣೆ ಕೋಣೆಗೂ ಕತ್ತರಿಸುವ ಪಟ್ಟಿ ಬರೆದುಕೊಂಡ ಮೇಲೆಯೇ ಅಂಗಡಿಗೆ ಹೋಗಿ. ಒಂದು ಉದಾಹರಣೆ: 11 × 10 ಅಡಿ ಕೋಣೆ, 3 ಅಡಿಯ ಒಂದು ಬಾಗಿಲು, 2.5 ಅಡಿಯ ಬಚ್ಚಲ ಬಾಗಿಲು. ಗೋಡೆಗಳು 11, 8.5, 10, 7 ಅಡಿ, ಒಟ್ಟು 36.5. ಐದು ಪಟ್ಟಿ ಸಾಕು. ಆದರೆ 8.5ನ್ನು 8 ಮತ್ತು ಅರ್ಧ ಅಡಿ ಎಂದು ಮಾಡಿದರೆ ಆ ಗೇಣುದ್ದದ ತುಂಡು ತೇಪೆ ಹಾಕಿದಂತೆ ಕಾಣುತ್ತದೆ. 6 ಮತ್ತು 2.5 ಮಾಡಿ. ಆಗ ಮೊದಲ ಪಟ್ಟಿ ಪೂರ್ತಿ 11ರ ಗೋಡೆಗೆ, ಎರಡನೆಯದು ಪೂರ್ತಿ 10ರ ಗೋಡೆಗೆ, ಮೂರನೆಯದರಲ್ಲಿ 7, ನಾಲ್ಕನೆಯದರಲ್ಲಿ 6, ಐದನೆಯದರಲ್ಲಿ 3, 2.5 ಮತ್ತು 2. ನಾಲ್ಕನೆಯದರಲ್ಲಿ ಉಳಿದ 2 ಅಡಿಯೇ ತಪ್ಪು ಕಡಿತಕ್ಕೆ ಮೀಸಲು.

ಎಲ್‌ಪಟ್ಟಿ
ಇಷ್ಟೆಲ್ಲ ರೂಟರ್ ಕೆಲಸ ಯಾಕೆ? ಅಲ್ಯೂಮಿನಿಯಂ ಎಲ್ ಆಂಗಲ್ ತನ್ನಿ, ಅಡ್ಡ ಕಾಲು ಅಂಚಿನ ಮೇಲೆ, ನಿಂತ ಕಾಲು ಟೈಲಿನ ಮುಂದೆ. ತುಟಿ ಅದರಲ್ಲೇ ಇದೆ. ಗೆದ್ದಲಿಲ್ಲ, ಪಾಲಿಶ್ ಇಲ್ಲ, ಮಾಪಿನ ನೀರಿಗೆ ಹೆದರಬೇಕಿಲ್ಲ. ಕಪ್ಪು, ಬಂಗಾರದ ಬಣ್ಣ, ಮರದ ಗೆರೆ, ಎಲ್ಲವೂ ಸಿಗುತ್ತದೆ.

ಬೀಟೆ
ಎಲ್ ಕೆಟ್ಟದ್ದಲ್ಲ, ಆದರೆ ಅಳತೆ ನೋಡಿ. ಅಂಗಡಿಯಲ್ಲಿ ಹೇಳುವುದು ಹೊರಗಿನ ಅಳತೆ. 12 ಮಿ.ಮೀ. ಕಾಲು, 1.2 ಮಿ.ಮೀ. ದಪ್ಪ ಎಂದರೆ ಒಳಗೆ ಸಿಗುವುದು 10.8. ಅಂಚು 11 ಇರುವ ಗೋಡೆಗೆ ಅದನ್ನು ಒತ್ತಿದರೆ ಹಿಂದೆ ಸಂದು ಬಿಡುತ್ತದೆ. ಎರಡು ಕಾಲೂ ಸಮ ಇರುವ ಆಂಗಲ್ ಎಲ್ಲ ಕಡೆ ಸಿಗುತ್ತದೆ, ಆದರೆ ಅಡ್ಡ 19 ನಿಂತದ್ದೂ 19 ಆದರೆ 4 ಇಂಚಿನ ಸ್ಕರ್ಟಿಂಗಿನಲ್ಲಿ ಐದನೇ ಒಂದು ಭಾಗ ಲೋಹವೇ ಮುಚ್ಚಿಬಿಡುತ್ತದೆ. ಅಡ್ಡ 19, ನಿಂತದ್ದು 12 ಇರುವ ಅಸಮ ಆಂಗಲ್ ಹುಡುಕಿ. ಮತ್ತೆ, 1 ಮಿ.ಮೀ.ಗಿಂತ ತೆಳುವಾದದ್ದು ಹಾಸಿಗೆ ಮಂಚದ ಕಾಲು ತಾಗಿದರೆ ನೆಗ್ಗುತ್ತದೆ. ನೆಗ್ಗಿದ್ದು ಮತ್ತೆ ನೇರವಾಗುವುದಿಲ್ಲ.

ಇನ್ನೊಂದು, ಮರ ಗೋಡೆಯ ಸೊಟ್ಟಕ್ಕೆ ಬಾಗುತ್ತದೆ. 14 ಮಿ.ಮೀ. ಪಟ್ಟಿ 8 ಅಡಿಯಲ್ಲಿ 3 ಮಿ.ಮೀ. ಬಾಗಲು ಕೈಯ ಒತ್ತೇ ಸಾಕು. ಬಾಗದ ಕಡೆ ಹಿಂಬದಿಯನ್ನು ಕೀಸಬಹುದು. ಎಲ್ ಪಟ್ಟಿಯನ್ನು ಹಾಗೆ ಕೀಸಲು ಬಾರದು.

ಎಲ್‌ಪಟ್ಟಿ
ಒಪ್ಪಿದೆ. ಸೊಟ್ಟ 2 ಮಿ.ಮೀ. ಒಳಗಿದ್ದರೆ ಎಲ್, ಮೀರಿದರೆ ಮರ. ಕತ್ತರಿಸಲು ಹ್ಯಾಕ್ಸಾಗೆ ಇಂಚಿಗೆ 32 ಹಲ್ಲಿನ ಬ್ಲೇಡ್ ಹಾಕಿ, 18 ಹಲ್ಲಿನದು ತೆಳು ಅಲ್ಯೂಮಿನಿಯಂ ಅನ್ನು ಕಚ್ಚಿ ಹರಿಯುತ್ತದೆ. ಮೇಲಿನ ಪ್ಲಾಸ್ಟಿಕ್ ಪೊರೆಯನ್ನು ಕೊನೆಯವರೆಗೆ ಬಿಡಿ, ಆದರೆ ಅಂಟು ತಾಗುವ ಒಳಬದಿಯಲ್ಲಿ ಪೊರೆ ಇದೆಯೇ ಎಂದು ನೋಡಿ ತೆಗೆಯಿರಿ. ಅಂಟು ಪೊರೆಗೆ ಹಿಡಿದು ಪಟ್ಟಿ ಮಾತ್ರ ಕಳಚಿ ಕೈಗೆ ಬರುವುದು ಮಾಮೂಲಿ ಎಡವಟ್ಟು.

ಕರಣೆ
ಪಿವಿಸಿ ಮತ್ತು ಪಾಲಿಸ್ಟೈರೀನ್ ಪಟ್ಟಿಗಳ ಬಗ್ಗೆಯೂ ಕೇಳುತ್ತಾರೆ, ಆದ್ದರಿಂದ ಹೇಳಿಬಿಡುತ್ತೇನೆ. ಹಗುರ, ಅಗ್ಗ, ಕಟ್ಟರಿನಲ್ಲೂ ಕತ್ತರಿಸಬಹುದು. ತೊಂದರೆ ಬಿಸಿಲಿನದು. ಪಿವಿಸಿ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ, ಅಲ್ಯೂಮಿನಿಯಂ 0.023. ಗೋಡೆಯ ಬಿಸಿ 15 ಡಿಗ್ರಿ ಏರಿಳಿದರೆ 3 ಮೀಟರ್ ಪಿವಿಸಿ ಪಟ್ಟಿ 3 ಮಿ.ಮೀ.ಗೂ ಹೆಚ್ಚು ಉದ್ದವಾಗುತ್ತದೆ, ಅಲ್ಯೂಮಿನಿಯಂ 1 ಮಿ.ಮೀ. ಮಾತ್ರ. ಬೆಂಗಳೂರಿನಲ್ಲಿ ಅಷ್ಟು ಕಾಡದು. ಕಲಬುರಗಿ, ರಾಯಚೂರು ಕಡೆ ಪಶ್ಚಿಮದ ಗೋಡೆಗೆ ಡಿಸೆಂಬರಿನಲ್ಲಿ ಬಿಗಿಯಾಗಿ ಕೂರಿಸಿದರೆ ಏಪ್ರಿಲ್ ಹೊತ್ತಿಗೆ ನಡುವೆ ಹಾವಿನಂತೆ ಎದ್ದು ನಿಲ್ಲುತ್ತದೆ. ಪ್ರತಿ ತುದಿಯಲ್ಲಿ 2 ಮಿ.ಮೀ. ಬಿಟ್ಟು ಹಿಗ್ಗಿ ಕುಗ್ಗುವ ಸೀಲಂಟ್ ತುಂಬಬೇಕು.

ಕಡಲಕರೆ
ಕರಾವಳಿಯವರಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪಟ್ಟಿ ಬೇಡವೇ ಬೇಡ. ಅಂಗಡಿಯಿಂದ ಬರುವಾಗ ಮುಖಕ್ಕೆ ಲ್ಯಾಮಿನೇಟ್ ಇರುತ್ತದೆ, ಕತ್ತರಿಸಿದ ತುದಿ ಬೆತ್ತಲೆ. ಒಂದೇ ಮಳೆಗಾಲ, ತುದಿ ಉಬ್ಬಿ ಅಣಬೆಯಾಗುತ್ತದೆ. ತೇಗವಾದರೂ ನಾಲ್ಕೂ ಮುಖಕ್ಕೆ, ಗೋಡೆಗೆ ತಾಗುವ ಹಿಂಬದಿಗೂ ಸೇರಿಸಿ, ಸೀಲರ್ ಬಳಿದೇ ಕೂರಿಸಬೇಕು. ಮುಂದೆ ಮಾತ್ರ ಪಾಲಿಶ್ ಹೊಡೆದರೆ ಹಿಂದಿನಿಂದ ತೇವ ಕುಡಿದು ಪಟ್ಟಿ ಬಿಲ್ಲಿನಂತೆ ಬಾಗುತ್ತದೆ. ಜೂನ್–ಜುಲೈಯಲ್ಲಿ ಮರದ ಕೆಲಸ ಮಾಡಿಸಿದರೆ ಫೆಬ್ರವರಿಯಲ್ಲಿ ಮೂಲೆಗಳು ಬಾಯಿ ಬಿಡುತ್ತವೆ. ಮರವನ್ನು ಅದೇ ಮನೆಯೊಳಗೆ ಒಂದು ವಾರ ಅಡ್ಡಲಾಗಿ ಹರವಿ ಇಟ್ಟು ಆಮೇಲೆ ಕತ್ತರಿಸಿ.

ಹೊಸಿಲು
ತೇಗ ಎಂದು ನಿರ್ಧಾರ. ಈಗ ಅಂಟು? ಮನೆಯಲ್ಲಿ ಫೆವಿಕಾಲ್ ಎಸ್‌ಎಚ್ ಇದೆ.

ರಸಮಟ್ಟ
ಅದು ಮರಕ್ಕೆ ಮರ ಅಂಟಿಸಲು. ಬಿಳಿ ಅಂಟು ಒಣಗುವುದು ಅದರ ನೀರನ್ನು ಅಂಟಿಸುವ ಮೈ ಹೀರಿಕೊಂಡಾಗ. ವಿಟ್ರಿಫೈಡ್ ಟೈಲ್ ಹೀರುವ ನೀರು ಅದರ ತೂಕದ ನೂರರಲ್ಲಿ ಅರ್ಧ ಭಾಗವೂ ಇಲ್ಲ. ಅಂಟಿನ ಬೇರು ಇಳಿಯಲು ಅಲ್ಲಿ ಜಾಗವೇ ಇಲ್ಲ. ಜೊತೆಗೆ ಬಿಳಿ ಅಂಟಿಗೆ ಒತ್ತಿ ಹಿಡಿಯುವ ಕ್ಲ್ಯಾಂಪ್ ಬೇಕು, ಸ್ಕರ್ಟಿಂಗಿಗೆ ಕ್ಲ್ಯಾಂಪ್ ಹಾಕುವುದೆಲ್ಲಿ? ಫೆವಿಕಾಲ್ ಎಸ್‌ಆರ್ 998ರಂಥ ರಬ್ಬರ್ ಅಂಟು ಟೈಲಿಗೆ ಹಿಡಿಯುತ್ತದೆ, ಆದರೆ ತಾಗಿದ ಕ್ಷಣಕ್ಕೇ ಕಚ್ಚುವುದರಿಂದ ಸರಿಸಿ ಹೊಂದಿಸಲು ಬಿಡುವುದಿಲ್ಲ, ಸಂದನ್ನೂ ತುಂಬುವುದಿಲ್ಲ.

ಬೇಕಾದದ್ದು ಗನ್ನಿನಲ್ಲಿ ಹಾಕುವ ಎಂಎಸ್ ಪಾಲಿಮರ್ ಅಥವಾ ಪಾಲಿಯುರೆಥೇನ್ ಕನ್ಸ್ಟ್ರಕ್ಷನ್ ಅಂಟು. ಸಂದು ತುಂಬುತ್ತದೆ, ಗಟ್ಟಿಯಾದ ಮೇಲೂ ಸ್ವಲ್ಪ ಮಿದುವಾಗಿಯೇ ಇದ್ದು ಮರದ ಹಿಗ್ಗುಕುಗ್ಗನ್ನು ತಡೆದುಕೊಳ್ಳುತ್ತದೆ. ಸಿಲಿಕಾನ್ ಹಾಕುವುದಾದರೆ ನ್ಯೂಟ್ರಲ್ ಎಂದು ಬರೆದದ್ದೇ ಇರಲಿ. ವಿನೆಗರ್ ವಾಸನೆ ಬರುವ ಅಸಿಟಿಕ್ ಸಿಲಿಕಾನ್ ಬಿಡುವ ಆಮ್ಲ ಸಿಮೆಂಟಿನ ಮೈಯೊಡನೆ ಸೇರಿ ಹಿಡಿತ ಕಳೆದುಕೊಳ್ಳುತ್ತದೆ. ಅಮೃತಶಿಲೆಯ ಸ್ಕರ್ಟಿಂಗಾದರೆ ಕಲೆಯೂ ಬೀಳುತ್ತದೆ.

ಪ್ರಮಾಣ: 280 ಮಿ.ಲೀ. ಟ್ಯೂಬಿನಲ್ಲಿ 5 ಮಿ.ಮೀ. ದಪ್ಪದ ಎಳೆ 14 ಮೀಟರ್ ಬರುತ್ತದೆ. ಎಳೆ 6 ಆದರೆ ಹತ್ತು ಮೀಟರಿಗೂ ಕಡಿಮೆ. ಮೂತಿ ಕತ್ತರಿಸುವಾಗ ಒಂದು ಮಿ.ಮೀ. ಜಾಸ್ತಿಯಾದರೆ ಎರಡು ಟ್ಯೂಬ್ ಹೆಚ್ಚಿಗೆ ತರಬೇಕು. ನಿಮ್ಮ 58 ಮೀಟರಿಗೆ ಎಳೆಯಾಗಿ 4 ಟ್ಯೂಬ್, ಗೋಡೆಯ ಬದಿ ಪ್ರತಿ 30 ಸೆಂ.ಮೀ.ಗೆ ಒಂದು ಬೊಟ್ಟು ಮತ್ತು ತುಟಿಯ ಹಿಂದಿನ ಸಂದಿಗೆ ಇನ್ನೆರಡು. ಒಟ್ಟು 6.

ಬಣ್ಣದಡಬ್ಬಿ
ಅಂಟಿಗಿಂತ ಮುಂಚೆ ಮೈ ಸಿದ್ಧವಾಗಬೇಕು. ಪಟ್ಟಿ ಕಿತ್ತು ಬಂದ ಕಡೆಯಲ್ಲೆಲ್ಲ ಅದರ ಹಿಂಬದಿ ತಿರುಗಿಸಿ ನೋಡಿ: ಅಂಟು ಸೋತಿರುವುದಿಲ್ಲ, ಅಂಟಿನ ಜೊತೆ ಪುಟ್ಟಿಯ ಪದರವೇ ಬಂದಿರುತ್ತದೆ.

ಟೈಲಿನ ಮೇಲಂಚು: ತಂತಿ ಬ್ರಶ್‌ನಿಂದ ಒಣ ಸಿಮೆಂಟು, ಹಳೆ ಗ್ರೌಟು ಉಜ್ಜಿ ತೆಗೆಯಿರಿ. ವರ್ಷಗಟ್ಟಲೆ ನೆಲ ಒರೆಸುವ ದ್ರಾವಣದ ಜಿಡ್ಡಿನ ಪೊರೆ ಅಲ್ಲಿ ಕೂತಿರುತ್ತದೆ. ಸೋಪಿನಿಂದ ಅದು ಹೋಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಥಿನ್ನರ್ ಅದ್ದಿದ ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಕೊಳೆಯಾಗುವುದು ನಿಂತ ಮೇಲೆ ನಿಲ್ಲಿಸಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ ಇರಬಾರದು.

ಗೋಡೆ: ಪಟ್ಟಿ ತಾಗುವ ಗೆರೆಯಲ್ಲಿ ಅಗಲದ ಸೆಲ್ಲೋಟೇಪ್ ಒತ್ತಿ ಕಿತ್ತು ನೋಡಿ. ಟೇಪಿಗೆ ಬಿಳಿ ಪುಡಿ ಬಂದರೆ ಅಲ್ಲಿ ಅಂಟು ನಿಲ್ಲದು. 80 ನಂಬರ್ ಮರಳುಕಾಗದದಲ್ಲಿ ಗಾರೆ ಸಿಗುವವರೆಗೆ ಉಜ್ಜಿ, ಧೂಳು ತೆಗೆದು, ಒಂದು ಕೋಟ್ ಪ್ರೈಮರ್ ಹಾಕಿ, ಮಾರನೆಯ ದಿನ ಕೂರಿಸಿ.

ಮೂಲೆಮಟ್ಟ
ಮೂಲೆಗಳ ಭಾಗ ನನಗಿರಲಿ.

ಮೊದಲು ಎಲ್ಲರೂ ಎಡವುವ ಜಾಗ. 90 ಡಿಗ್ರಿ ಮೂಲೆಗೆ 45 ಎಂದು ಎಲ್ಲರಿಗೂ ಗೊತ್ತು. ಗೋಡೆಯ ಮೂಲೆ 92 ಇದ್ದರೆ ಅರ್ಧ 46 ಎಂದು ಮೈಟರ್ ಸಾ (ಬೇಕಾದ ಕೋನಕ್ಕೆ ಕತ್ತರಿಸುವ ಗರಗಸ ಯಂತ್ರ) ಮೇಲೆ 46ಕ್ಕೆ ಇಟ್ಟರೆ ತಪ್ಪು. ಸಾ ಮೇಲಿನ ಸೊನ್ನೆ ಎಂದರೆ ನೇರ ಅಡ್ಡ ಕಡಿತ. ಆದ್ದರಿಂದ 90ರಿಂದ 46 ಕಳೆದು 44ಕ್ಕೆ ಇಡಬೇಕು. ಬೇ ಕಿಟಕಿಯ 135ರ ಮೂಲೆಯಲ್ಲಿ ಈ ತಪ್ಪು ಎದ್ದು ಕಾಣುತ್ತದೆ: ಅರ್ಧ 67.5, ಸಾ ಮೇಲೆ 22.5. ಕೋನ ಅಳೆಯುವ ಸಾಧನ ಇಲ್ಲದಿದ್ದರೆ ಎರಡೆರಡು ತುಂಡು ಪಟ್ಟಿಗಳನ್ನು 44, 45, 46ಕ್ಕೆ ಕತ್ತರಿಸಿ ಮಾದರಿಯಾಗಿ ಇಟ್ಟುಕೊಳ್ಳಿ. ಪ್ರತಿ ಮೂಲೆಗೂ ಹಿಡಿದು ಯಾವುದು ಕೂರುತ್ತದೋ ಅದನ್ನು ಗೋಡೆಯ ಮೇಲೆ ಬರೆಯಿರಿ. ಪ್ಲಾಸ್ಟಿಕ್ ಮೈಟರ್ ಬಾಕ್ಸಿನಲ್ಲಿ 45, 90ರಂಥ ನಿಗದಿತ ಕೋನಗಳು ಮಾತ್ರ ಇರುತ್ತವೆ, ಗರಗಸ ಓಡುವ ಅದರ ಸೀಳೂ ಹತ್ತಿಪ್ಪತ್ತು ಕಡಿತಕ್ಕೆ ಸವೆದು ಅಗಲವಾಗುತ್ತದೆ. ನಿಮ್ಮ 29 ಮೂಲೆಗೆ ಮೈಟರ್ ಸಾ ಬಾಡಿಗೆಗೆ ತರುವುದೇ ಮೇಲು.

ಒಳಮೂಲೆ: ಮರಕ್ಕೆ ಎರಡೂ ಬದಿ 45 ಬೇಡ. ಮರ ಒಣಗಿ ಕುಗ್ಗಿದಾಗ ಆ ಕೂಡು ಬಾಯಿ ಬಿಡುತ್ತದೆ. ಮೊದಲ ಪಟ್ಟಿಯನ್ನು ನೇರ ಕತ್ತರಿಸಿ ಮೂಲೆಯ ತನಕ ತಳ್ಳಿ. ಎರಡನೆಯದನ್ನು 45ಕ್ಕೆ ಕತ್ತರಿಸಿದರೆ ಅದರ ಮುಖದಲ್ಲಿ ಪಟ್ಟಿಯ ಆಕಾರದ ಗೆರೆ ಮೂಡುತ್ತದೆ. ಗೆರೆಗೆ ಪೆನ್ಸಿಲ್ ಉಜ್ಜಿ, ತೆಳು ಬ್ಲೇಡಿನ ಕೋಪಿಂಗ್ ಗರಗಸದಿಂದ ಅದೇ ಗೆರೆಯ ಗುಂಟ, ಹಿಂದಕ್ಕೆ ಐದು ಡಿಗ್ರಿ ವಾಲಿಸಿ ಕತ್ತರಿಸಿ. ಈಗ ಎರಡನೆಯದು ಮೊದಲನೆಯದರ ಮೈಯನ್ನು ತಬ್ಬಿದಂತೆ ಕೂರುತ್ತದೆ. ಮೂಲೆ 88 ಇದ್ದರೂ 92 ಇದ್ದರೂ ಸಂದು ಕಾಣುವುದಿಲ್ಲ. ತುಟಿ ಇರುವ ಕಡೆ ಸಣ್ಣ ಅರದಿಂದ ತೀಡಬೇಕಾಗುತ್ತದೆ.

ಹೊರಮೂಲೆ: ಇಲ್ಲಿ ಮೈಟರ್, ಅಂದರೆ ಎರಡೂ ಬದಿಯ ಓರೆ ಕಡಿತ, ಬಿಟ್ಟು ಗತಿಯಿಲ್ಲ. ನಿಮ್ಮ ಏಳು ಹೊರಮೂಲೆಗಳನ್ನು ಮೊದಲು ಮುಗಿಸಿ, ಎರಡು ತುಂಡನ್ನು ಮೇಜಿನ ಮೇಲೆಯೇ ಬಿಳಿ ಅಂಟಿನಿಂದ ಕೂಡಿಸಿ ಟೇಪ್ ಸುತ್ತಿ ಒಣಗಿಸಿ, ಎಲ್ ಆಕಾರದಲ್ಲಿಯೇ ಗೋಡೆಗೆ ಒಯ್ಯಿರಿ. ಮನೆಯಲ್ಲಿದ್ದ ಎಸ್‌ಎಚ್ ಡಬ್ಬಿಗೆ ಇಲ್ಲಿ ಕೆಲಸ ಸಿಕ್ಕಿತು.

ಉದ್ದಕ್ಕೆ ಕೂಡಿಸುವಾಗ ನೇರ ತುದಿಗೆ ತುದಿ ಇಡಬೇಡಿ. ಎರಡನ್ನೂ 45ಕ್ಕೆ ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಬರುವಂತೆ ಕೂಡಿಸಿ, ಬಾಗಿಲಿನಿಂದ ಒಳಬರುವವರ ಕಣ್ಣಿಗೆ ಮೇಲಿನ ತುಂಡು ಎದುರಾಗುವಂತೆ. ಕೂಡು ಟೈಲಿನ ಜಾಯಿಂಟ್ ಮೇಲೆ ಬರದಂತೆ ಒಂದು ಗೇಣು ಸರಿಸಿ.

ದೂರದೂರು
ಅಮೆರಿಕದಲ್ಲಿ ಇದನ್ನೇ ಮಾಡುವ ಕನ್ನಡಿಗರಿಗೆ ಒಂದು ಟಿಪ್ಪಣಿ, ಏಕೆಂದರೆ ಅಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ಬೇಸ್‌ಬೋರ್ಡ್ ಎಂಬ ಅಲ್ಲಿನ ಸ್ಕರ್ಟಿಂಗ್ ದಪ್ಪ ಹಲಗೆ, ಜಿಪ್ಸಮ್ ಗೋಡೆಯ ಸೊಟ್ಟಕ್ಕೆ ಬಾಗುವುದಿಲ್ಲ. ಮೇಲಿನ ಕ್ಯಾಪ್ ಸಣ್ಣದು, ಬಾಗಿ ಗೋಡೆಯನ್ನು ಹಿಡಿಯುತ್ತದೆ. ಎರಡು ತುಂಡು ಮಾಡಿದ್ದೇ ಅದಕ್ಕಾಗಿ. ಗೋಡೆಯೊಳಗೆ ನೆಟ್ಟಗೆ ನಿಂತ ಮರದ ಕಂಬಗಳು, ಅಂದರೆ ಸ್ಟಡ್‌ಗಳು ಸಾಮಾನ್ಯವಾಗಿ 16 ಇಂಚಿಗೊಂದು. ನೆಲದ ಮೇಲೆ ಮಲಗಿಸಿದ ಮರ (ಪ್ಲೇಟ್) ಒಂದೂವರೆ ಇಂಚು ದಪ್ಪ ಮಾತ್ರ, ಕ್ಯಾಪ್ ಇರುವ ಎತ್ತರಕ್ಕೆ ಅದು ಸಿಗುವುದಿಲ್ಲ. ಹಾಗಾಗಿ ಸ್ಟಡ್ ಹುಡುಕಿಯೇ ಹೊಡೆಯಬೇಕು. 11/16 ಇಂಚು ಕ್ಯಾಪ್, ಅರ್ಧ ಇಂಚು ಜಿಪ್ಸಮ್ ಕಳೆದರೆ 2 ಇಂಚಿನ ಬ್ರ್ಯಾಡ್ (ತೆಳು ಮೊಳೆ) ಮರದೊಳಗೆ 13/16 ಇಂಚು ಇಳಿಯುತ್ತದೆ, ಸಾಕು. ಒಂದೂವರೆ ಇಂಚಿನದಾದರೆ 5/16 ಇಂಚಷ್ಟೇ ಸಿಗುತ್ತದೆ. ಗೋಡೆಗೆ ಹೊಡೆದ ಮೇಲೆ ಬೇಸ್‌ಬೋರ್ಡಿಗೂ ಹೊಡೆಯಬೇಡಿ. ಚಳಿಗಾಲದ ಹೀಟರಿಗೆ ಹಲಗೆ ಕುಗ್ಗಿದಾಗ ಕ್ಯಾಪನ್ನೂ ಎಳೆದುಕೊಂಡು ಮೇಲೆ ಬಿರುಕು ತೆರೆಯುತ್ತದೆ.

ಹೊಸಿಲು
ಕೂರಿಸುವ ಕ್ರಮ ಒಮ್ಮೆ ಹೇಳಿಬಿಡಿ. ಪಾಲಿಶ್ ಮುಂಚೆಯೋ ಆಮೇಲೋ?

ಬೀಟೆ
ಮುಂಚೆ. 120, 220, 320 ನಂಬರ್ ಕಾಗದ, ಆಮೇಲೆ ನಾಲ್ಕೂ ಬದಿಗೆ ಸೀಲರ್ ಎರಡು ಕೋಟ್, ಮುಂಬದಿಗೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್ ಎರಡು ಕೋಟ್. ಮನೆಯೊಳಗೆ ಕೂರಿಸಿದ ಮೇಲೆ ಬಗ್ಗಿ ಪಾಲಿಶ್ ಹೊಡೆದರೆ ಗೋಡೆಗೂ ಟೈಲಿಗೂ ಬಳಿದುಕೊಳ್ಳುತ್ತದೆ. ಅಂಟು ತಾಗುವ ರಿಬೇಟ್ ಒಳಗೆ ಮಾತ್ರ ಸೀಲರ್ ಒಣಗಿದ ಮೇಲೆ 120ರಲ್ಲಿ ಸ್ವಲ್ಪ ಒರಟು ಮಾಡಿ.

ಒಂದು ಗೋಡೆಯ ಎಲ್ಲ ತುಂಡುಗಳನ್ನೂ ಅಂಟಿಲ್ಲದೆ ಜೋಡಿಸಿ ನೋಡಿ. ಸರಿ ಕಂಡರೆ ಹಿಂಬದಿಗೆ ನಂಬರ್ ಬರೆಯಿರಿ. ಅಂಟಿನ ಎಳೆ ಟೈಲಿನ ಅಂಚಿನ ಮುಂಭಾಗದಿಂದ 4 ಮಿ.ಮೀ. ಒಳಗೆ ಬರಲಿ, ತುದಿಗೆ ಹಾಕಿದರೆ ಒತ್ತಿದಾಗ ಹೊರಗೆ ಉಕ್ಕುತ್ತದೆ. ಪಟ್ಟಿಯನ್ನು ಮೊದಲು ಗೋಡೆಗೆ ಒತ್ತಿ, ಆಮೇಲೆ ಕೆಳಕ್ಕೆ. ಪ್ರತಿ 40 ಸೆಂ.ಮೀ.ಗೆ ಮಾಸ್ಕಿಂಗ್ ಟೇಪ್, ಗೋಡೆಯಿಂದ ಪಟ್ಟಿಯ ಮೇಲೆ ಹಾದು ಟೈಲಿಗೆ. ಎದ್ದು ನಿಲ್ಲುವ ಕಡೆ ಎದುರು ಗೋಡೆಯಿಂದ ಕೋಲು ಕೊಟ್ಟು ಬೆಣೆ ಬಡಿಯಿರಿ. 24 ಗಂಟೆ ಮಾಪ್ ತಾಗಬಾರದು. ಉಕ್ಕಿದ ಅಂಟು ಹಸಿಯಿರುವಾಗ ಒರೆಸಿದರೆ ಮೈಗೆಲ್ಲ ಹರಡುತ್ತದೆ. ಪಾಲಿಶ್ ಆದ ಮರವಾದ್ದರಿಂದ ಮಾರನೆಯ ದಿನ ಪ್ಲಾಸ್ಟಿಕ್ ಚೂರಿನಿಂದ ಎಬ್ಬಿಸಿದರೆ ರಬ್ಬರಿನಂತೆ ಸುಲಿದು ಬರುತ್ತದೆ.

ಬಣ್ಣದಡಬ್ಬಿ
ಆಮೇಲೆ ಗೋಡೆಗೂ ಪಟ್ಟಿಗೂ ನಡುವಿನ ಕೂದಲೆಳೆ ಸಂದಿಗೆ ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲಂಟ್, 3 ಮಿ.ಮೀ. ಎಳೆ. 280 ಮಿ.ಲೀ. ಟ್ಯೂಬ್ ಸುಮಾರು 39 ಮೀಟರ್ ಬರುತ್ತದೆ, ನಿಮಗೆ 2 ಬೇಕು. ಪಟ್ಟಿಯ ಮೇಲಂಚಿಗೆ ಟೇಪ್ ಹಚ್ಚಿ, ಎಳೆ ಹಾಕಿ, ಒದ್ದೆ ಬೆರಳಲ್ಲಿ ಒಮ್ಮೆ ಎಳೆದು, ಹಸಿಯಿರುವಾಗಲೇ ಟೇಪ್ ತೆಗೆಯಿರಿ. ಇದು ಒಣಗಿದಾಗ ಕುಗ್ಗುತ್ತದೆ, 3 ಮಿ.ಮೀ.ಗಿಂತ ಅಗಲದ ಸಂದಿದ್ದರೆ ಎರಡು ಸಲ ಹಾಕಿ. ಇಲ್ಲಿ ಸಿಲಿಕಾನ್ ಹಾಕಬಾರದು. ಅದರ ಮೇಲೆ ಬಣ್ಣ ನಿಲ್ಲದೆ ಮೀನಿನ ಕಣ್ಣಿನಂತೆ ಬಿಟ್ಟುಬಿಟ್ಟು ಕೂರುತ್ತದೆ, ಸವರಿದ ಬೆರಳು ತಾಗಿದ ಗೋಡೆಯೂ ಕೆಡುತ್ತದೆ. ಗೋಡೆಯ ಕೊನೆಯ ಕೋಟ್ ಎಮಲ್ಷನ್ ಇದಾದ ಮೇಲೆ.

ಮಣ್ಣುಮನೆ
ನೆಲಮಹಡಿ, ಗ್ರಾನೈಟ್ ಸ್ಕರ್ಟಿಂಗ್, 18 ಮಿ.ಮೀ. ಅಂಚು. ಸ್ಕರ್ಟಿಂಗ್ ಮೇಲೆ ಒಂದಡಿ ಗೋಡೆ ಉಪ್ಪು ಕಟ್ಟಿ ಬಣ್ಣ ಉದುರುತ್ತದೆ. ಕ್ಯಾಪ್ ಹಾಕಿದರೆ ಮುಚ್ಚಿಹೋಗುತ್ತದೆಯೇ?

ಕರಣೆ
ಹಾಕಬೇಡಿ. ಬುನಾದಿಯಿಂದ ನೀರು ಏರುತ್ತಿದೆ, ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಿದೆ, ಉಪ್ಪು ಅಲ್ಲೇ ಉಳಿಯುತ್ತಿದೆ. ಅಂಚಿಗೆ ಸೀಲ್ ಹೊಡೆದರೆ ತೇವ ಇನ್ನೂ ಮೇಲೆ ಹತ್ತಬಹುದು. ಮೊದಲು ತೇವದ ಚಿಕಿತ್ಸೆ. ಗೋಡೆ ಒಣಗಿದೆಯೇ ಎಂದು ನೋಡಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಬದಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಒಳಗೆ ಹನಿ ಕಂಡರೆ ಇನ್ನೂ ಕಾಯಿರಿ.

ಒಣಗಿದ ಮೇಲೂ ಗ್ರಾನೈಟಿಗೆ ಕ್ಯಾಪ್ ಯಾಕೆ? ಅದರ ಅಂಚನ್ನೇ ಗುಂಡಗೆ ಮಾಡಿಸಿ ಪಾಲಿಶ್ ಹಿಡಿಸಬಹುದು, ಟೈಲಿಗಿಲ್ಲದ ಅನುಕೂಲ ಅದು. ಹಳೆಯ ಕೆಂಪು ಆಕ್ಸೈಡ್ ನೆಲಗಳಲ್ಲಿ ನೆಲವನ್ನೇ ಗೋಡೆಗೆ ಗುಂಡಗೆ ಹತ್ತಿಸಿ ಬಿಡುತ್ತಿದ್ದರು. ಧೂಳು ಕೂರುವ ಅಂಚೂ ಇಲ್ಲ, ಕಸ ಸಿಕ್ಕುವ ಮೂಲೆಯೂ ಇಲ್ಲ.

ಬಾಡಿಗೆಮನೆ
ಬಾಡಿಗೆ ಮನೆಗೆ ಡಬಲ್ ಸೈಡ್ ಟೇಪ್ ಸಾಕಾಗುತ್ತದಾ?

ರಸಮಟ್ಟ
ಟೇಪನ್ನು ಟೈಲಿನ ಮುಖಕ್ಕೆ ಮಾತ್ರ ಹಚ್ಚಿ, ಎಲ್ ಪಟ್ಟಿಯ ನಿಂತ ಕಾಲಿನ ಒಳಗೆ. ಅಂಚಿನ ಒರಟು ಮೇಲ್ಮೈಗೆ ಟೇಪ್ ಹಿಡಿಯದು, ಗೋಡೆಗೆ ಹಚ್ಚಿದರೆ ತೆಗೆಯುವಾಗ ಬಣ್ಣ ಕಿತ್ತು ಮಾಲೀಕರ ಜೊತೆ ಜಗಳ. 1 ಮಿ.ಮೀ. ದಪ್ಪದ ಅಕ್ರಿಲಿಕ್ ಫೋಮ್ ಟೇಪ್ ಬೇಕು, ಸ್ಟೇಷನರಿ ಅಂಗಡಿಯ ಹಳದಿ ಟೇಪ್ ಬೇಸಿಗೆಗೆ ಜಾರುತ್ತದೆ. ತೆಗೆಯುವಾಗ ಮೀನು ಹಿಡಿಯುವ ನೈಲಾನ್ ದಾರವನ್ನು ಹಿಂದೆ ತೂರಿಸಿ ಗರಗಸದಂತೆ ಎಳೆಯಿರಿ.

ಹೊಸಿಲು
ಕೊನೆಯದು. ಬಾಗಿಲು ಚೌಕಟ್ಟಿನ ಹತ್ತಿರ 16 ತುದಿ ಇವೆ ಎಂದೆನಲ್ಲ. ಪಟ್ಟಿ ಚೌಕಟ್ಟಿಗಿಂತ 5 ಮಿ.ಮೀ. ಮುಂದೆ ಬರುತ್ತದೆ. ಕತ್ತರಿಸಿದ ತುದಿ ಬೋಳಾಗಿ ಕಾಣುವುದಿಲ್ಲವೇ?

ಮೂಲೆಮಟ್ಟ
ಕಾಣುತ್ತದೆ, ಸೀರೆಯ ಸೆರಗೂ ಸಿಕ್ಕಿಕೊಳ್ಳುತ್ತದೆ. ತುದಿಯನ್ನು ಹೊರಮೂಲೆಯಂತೆ 45ಕ್ಕೆ ಕತ್ತರಿಸಿ, ಗೋಡೆಗೆ ಮರಳುವ ಪುಟ್ಟ ತುಂಡು ಅಂಟಿಸಿ. ಹೊರಬದಿಯಲ್ಲಿ ಅದು ಪಟ್ಟಿಯ ಅಗಲದಷ್ಟೇ, ಅಂದರೆ 20 ಮಿ.ಮೀ. ಅಷ್ಟು ಸಣ್ಣದನ್ನು ಸಾ ಮೇಲೆ ಬಿಡಿಯಾಗಿ ಹಿಡಿಯಬೇಡಿ, ಬೆರಳಿಗೆ ಅಪಾಯ. ಒಂದಡಿ ಪಟ್ಟಿಯ ತುದಿಯಿಂದ ಕತ್ತರಿಸಿ, ಬ್ಲೇಡ್ ಪೂರ್ತಿ ನಿಂತ ಮೇಲೆ ಎತ್ತಿ. ತಿರುಗುವಾಗಲೇ ಎತ್ತಿದರೆ ತುಂಡು ಹಾರಿ ಎಲ್ಲೋ ಬೀಳುತ್ತದೆ. ಕತ್ತರಿಸುವ ಮುಂಚೆ ಮಾಸ್ಕಿಂಗ್ ಟೇಪ್ ಸುತ್ತಿದರೆ ಅಂಚೂ ಸೀಳುವುದಿಲ್ಲ. ಕೂಡಿಸಲು ಫೆವಿಕ್ವಿಕ್ ಒಂದು ಹನಿ. 16 ತುದಿಗೆ 20 ತುಂಡು ಮಾಡಿಕೊಳ್ಳಿ, ನಾಲ್ಕು ಕಳೆದುಹೋಗುತ್ತವೆ.

ಎಲ್‌ಪಟ್ಟಿ
ಬಾಗಿಲ ಹಿಂದಿನ ಗೋಡೆಗಳನ್ನೂ ನೋಡಿಕೊಳ್ಳಿ. ಬಾಗಿಲು ಪೂರ್ತಿ ತೆರೆದಾಗ ಅದರ ಕೆಳಭಾಗ ಈವರೆಗೆ ಟೈಲಿಗೆ ತಾಗದಿದ್ದರೂ ಇನ್ನು ಪಟ್ಟಿಯ ತುಟಿಗೆ ತಾಗಬಹುದು. ಅಂಟಿಸುವ ಮೊದಲು ಪಟ್ಟಿಯ ತುಂಡು ಇಟ್ಟು ಬಾಗಿಲು ತೆರೆದು ನೋಡಿ, ಬೇಕಿದ್ದರೆ ನೆಲದ ಮ್ಯಾಗ್ನೆಟ್ ಸ್ಟಾಪರನ್ನು ಒಂದಿಂಚು ಮುಂದಕ್ಕೆ ತನ್ನಿ. ಸ್ಟಾಪರಿನ ಹಳೆಯ ತೂತಿಗೆ ಟೈಲಿನ ಬಣ್ಣದ ಎಪಾಕ್ಸಿ ಗ್ರೌಟ್.